ಚಂದಾ ನಿಲ್ಲಿಸಬೇಡಿ, ನಾವು ನಿಲ್ಲಿಸಿ ಪತ್ರಿಕೆಯನ್ನೇ ಕಳೆದುಕೊಂಡೆವು

ನಿಮ್ಮ ಪುಟ್ಟ ಪತ್ರಿಕೆಗೆ 400 ಚಂದಾದಾರರಿದ್ದಾರೆ, ಚಂದಾ ತೆಗೆದುಹಾಕಿ 3000 ಪ್ರತಿ ಉಚಿತವಾಗಿ ಹಂಚಿದರೆ ಜಾಹೀರಾತು ಜಾಸ್ತಿ ಬರುತ್ತದಾ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ಎದೆ ಧಸಕ್ ಅಂದಿತು. ಇದೇ ಪ್ರಶ್ನೆಯನ್ನು ನಾವು ನಾಲ್ಕು ಜನ ಒಂದು ರಾತ್ರಿ ಕೂತು ಕೇಳಿಕೊಂಡಿದ್ದೆವು. ಬರುತ್ತದೆ ಅಂತ ನಾವೇ ತೀರ್ಮಾನ ಮಾಡಿದೆವು. ಅಲ್ಲಿಂದ 19 ತಿಂಗಳಿಗೆ ಪತ್ರಿಕೆ ನಿಂತಿತು.

ನಮ್ಮದು ಪಾಕ್ಷಿಕ. ಟ್ಯಾಬ್ಲಾಯ್ಡ್ ಅಳತೆ, ಎಂಟು ಪುಟ. ಮೊದಲ ಸಂಚಿಕೆ 300 ಪ್ರತಿ ಹಾಕಿಸಿದೆವು, ಅರ್ಧ ನಮ್ಮ ಹತ್ತಿರವೇ ಉಳಿಯಿತು. ಆರನೆಯ ಸಂಚಿಕೆಯಲ್ಲಿ ರಸ್ತೆ ಅಗಲ ಮಾಡುವ ನಕ್ಷೆಯನ್ನು ಪೂರ್ತಿ ಪುಟಕ್ಕೆ ಮುದ್ರಿಸಿ, ಯಾವ ಮನೆಯ ಮುಂದೆ ಎಷ್ಟು ಅಡಿ ಹೋಗುತ್ತದೆ ಅಂತ ಗುರುತು ಹಾಕಿದೆವು. ಆ ಪುಟ ಕೈಯಲ್ಲಿ ಹಿಡಿದುಕೊಂಡು ಜನ ಸಭೆಗೆ ಹೋದರು. ಆಮೇಲೆ ನಾವು ಯಾರನ್ನೂ ಚಂದಾ ಕೊಡಿ ಅಂತ ಜಾಸ್ತಿ ಬೇಡಬೇಕಾಗಲಿಲ್ಲ. ಮೂರು ವರ್ಷಕ್ಕೆ 740 ಚಂದಾದಾರರಾದರು.

ಆಗಲೇ ನಮಗೆ ದೊಡ್ಡದಾಗುವ ಆಸೆ ಹತ್ತಿತು. 1833ರಲ್ಲಿ ಬೆಂಜಮಿನ್ ಡೇ ನ್ಯೂಯಾರ್ಕಿನಲ್ಲಿ 'ದಿ ಸನ್' ಪತ್ರಿಕೆಯನ್ನು ಒಂದೇ ಸೆಂಟಿಗೆ ಮಾರಿ, ಜಾಹೀರಾತಿನಿಂದ ದುಡ್ಡು ಮಾಡಿದ ಕತೆ ನಮ್ಮಲ್ಲೊಬ್ಬರಿಗೆ ಬಾಯಿಪಾಠವಾಗಿತ್ತು. 1995ರಲ್ಲಿ ಸ್ಟಾಕ್‌ಹೋಮಿನಲ್ಲಿ ಶುರುವಾದ 'ಮೆಟ್ರೋ' ಪತ್ರಿಕೆ ಅಂತೂ ಪೂರ್ತಿ ಉಚಿತ, ಅದನ್ನು ನೋಡಿ ಎಷ್ಟೋ ನಗರಗಳಲ್ಲಿ ಅಂಥವೇ ಬಂದವು. ಆದರೆ ಮೆಟ್ರೋ ಹಂಚಿದ್ದು ಸುರಂಗ ರೈಲಿನ ನಿಲ್ದಾಣಗಳಲ್ಲಿ. ಸಾವಿರಾರು ಜನ ತಾವೇ ಅಲ್ಲಿಗೆ ಬರುತ್ತಾರೆ, ರೈಲಿನಲ್ಲಿ ಓದಲು ಸಮಯವೂ ಇರುತ್ತದೆ. ನಾವು ಮನೆ ಮನೆಗೆ ಹೋಗಿ ಹಾಕಬೇಕಿತ್ತು. ಈ ವ್ಯತ್ಯಾಸ ಆ ರಾತ್ರಿ ಯಾರ ತಲೆಗೂ ಬರಲಿಲ್ಲ.

ಅಚ್ಚಿನ ಲೆಕ್ಕವೂ ನಮ್ಮನ್ನು ಮರುಳು ಮಾಡಿತು. ಆಫ್‌ಸೆಟ್‌ನಲ್ಲಿ ಪ್ಲೇಟಿನ, ಅಂದರೆ ಪುಟದ ಅಚ್ಚು ಮೂಡಿಸುವ ಲೋಹದ ತಗಡಿನ, ಖರ್ಚು ಒಂದೇ ಸಲ. ಹಾಳೆಯ ಒಂದು ಬದಿಗೆ ಬಣ್ಣ ಅಂದರೆ ಬಣ್ಣಕ್ಕೊಂದರಂತೆ ನಾಲ್ಕು ಪ್ಲೇಟು, ಇನ್ನೊಂದು ಬದಿ ಕಪ್ಪು ಬಿಳುಪಾದರೆ ಒಂದೇ ಪ್ಲೇಟು. 740 ಪ್ರತಿ ಹಾಕಿದರೂ 3500 ಹಾಕಿದರೂ ಪ್ಲೇಟು ಅಷ್ಟೇ. ಹಾಗಾಗಿ ಒಂದು ಪ್ರತಿಯ ದರ ಅರ್ಧಕ್ಕಿಂತ ಕೆಳಗಿಳಿಯಿತು. ಅದನ್ನೇ ನೋಡಿ ಖುಷಿಪಟ್ಟೆವು. ಒಟ್ಟು ಬಿಲ್ಲು ಎರಡು ಪಟ್ಟಾಗಿದ್ದನ್ನೂ, ಆ ಪ್ರತಿಯಿಂದ ಬರುವ ದುಡ್ಡು ಸೊನ್ನೆಯಾಗಿದ್ದನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ.

ಆದರೂ ನಮ್ಮನ್ನು ಮುಳುಗಿಸಿದ್ದು ಆ ಲೆಕ್ಕ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ನಾಲ್ವರಲ್ಲಿ ಹಿರಿಯರೊಬ್ಬರು ಚಂದಾ ವಸೂಲಿ ನೋಡಿಕೊಳ್ಳುತ್ತಿದ್ದರು. ದಿನಕ್ಕೆ ಹತ್ತು ಹದಿನೈದು ಮನೆ. ರಸೀದಿ ಹರಿದು ಕೊಡುವ ಹೊತ್ತಿಗೆ ಜನ ಬಾಗಿಲಲ್ಲೇ ನಿಲ್ಲಿಸಿಕೊಂಡು ಮಾತಾಡುತ್ತಿದ್ದರು. ಯಾರ ಮಗಳು ಯಾವ ಪಂದ್ಯ ಗೆದ್ದಳು, ಯಾವ ಶಾಲೆಯಲ್ಲಿ ಗಣಿತದ ಮೇಷ್ಟ್ರಿಲ್ಲ, ಕೆರೆ ಪಕ್ಕದ ಜಾಗ ಅಳೆಯಲು ಯಾರು ಬಂದಿದ್ದರು, ಎಲ್ಲ. ಜೊತೆಗೆ ನಮ್ಮ ತಪ್ಪುಗಳನ್ನೂ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. ಅದೆಲ್ಲ ರಸೀದಿ ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡು ಬರುತ್ತಿದ್ದರು. ನಮ್ಮ ಸುದ್ದಿಯಲ್ಲಿ ಅರ್ಧ ಆ ಪುಸ್ತಕದಿಂದಲೇ ಹುಟ್ಟುತ್ತಿತ್ತು. ನಾವು ಅದನ್ನು ವಸೂಲಿ ಕೆಲಸ ಅಂತ ಕರೆಯುತ್ತಿದ್ದೆವು. ನಿಜವಾಗಿ ಅದು ವರದಿಗಾರಿಕೆ. ಚಂದಾ ನಿಲ್ಲಿಸಿದ ದಿನ ಅವರ ಓಡಾಟ ನಿಂತಿತು, ಓಡಾಟ ನಿಂತ ಮೇಲೆ ಸುದ್ದಿ ನಿಂತಿತು. ಪುಟ ತುಂಬಿಸಲು ಯಾರ್ಯಾರೋ ಕಳಿಸಿದ ಪತ್ರಿಕಾ ಪ್ರಕಟಣೆಗಳನ್ನು ಹಾಗೆಹಾಗೇ ಹಾಕತೊಡಗಿದೆವು.

ಮೊದಲ ಆರು ತಿಂಗಳು ಜಾಹೀರಾತು ನಿಜಕ್ಕೂ ಜಾಸ್ತಿಯಾಯಿತು. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಮೊದಲು ಪತ್ರಿಕೆ ಒಂದು ದಿನ ತಡವಾದರೆ ಫೋನ್ ಮೇಲೆ ಫೋನ್ ಬರುತ್ತಿತ್ತು. ಈಗ ಒಂದು ಇಡೀ ರಸ್ತೆಗೆ ಎರಡು ಸಂಚಿಕೆ ತಲುಪದಿದ್ದರೂ ಒಬ್ಬರೂ ಕೇಳಲಿಲ್ಲ. ಗೇಟಿನ ಬಳಿ ಮಳೆಯಲ್ಲಿ ನೆನೆದು ಬಿದ್ದಿರುವ ಪ್ರತಿಗಳನ್ನು ನಾನೇ ಎತ್ತಿಕೊಂಡಿದ್ದೇನೆ.

ಜಾಹೀರಾತಿನಲ್ಲಿ ಹೆಚ್ಚುಕಡಿಮೆ ಅರ್ಧ ಒಬ್ಬರೇ ಕೊಡುತ್ತಿದ್ದರು. ಅವರು ಫೋನಿನಲ್ಲಿ ಬರುವ ಜಾಹೀರಾತಿಗೆ ಹೋದರು. ಉಳಿದವರಿಂದ ದುಡ್ಡು ಕೈಗೆ ಬರಲು ಮೂರು ತಿಂಗಳು, ಪ್ರೆಸ್‌ನವರಿಗೆ ಮಾತ್ರ ಮುಂಚೆಯೇ ಕೊಡಬೇಕು. ಮತ್ತೆ ಚಂದಾ ಶುರು ಮಾಡೋಣ ಅಂತ ಹಳೆಯ 740 ಮನೆಗಳಿಗೆ ಹೋದೆವು. 112 ಜನ ಕೊಟ್ಟರು. ಒಬ್ಬರು ಅಜ್ಜಿ, "ನೀವೇ ಬೇಡ ಅಂದ್ರಲ್ಲಪ್ಪಾ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಎಷ್ಟು ಪ್ರತಿ ಹಂಚಬೇಕು ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಸಣ್ಣ ಅಂಗಡಿಯವರು ನಿಮ್ಮ ಪ್ರತಿ ಎಣಿಸುವುದಿಲ್ಲ. "ನಿಮ್ಮ ಜಾಹೀರಾತು ಪೇಪರಲ್ಲಿ ನೋಡಿದೆ" ಅಂತ ಎಷ್ಟು ಜನ ಬಂದು ಹೇಳಿದರು ಅನ್ನುವುದನ್ನು ಎಣಿಸುತ್ತಾರೆ. ದುಡ್ಡು ಕೊಟ್ಟು ತರಿಸಿಕೊಂಡವರು ಓದುತ್ತಾರೆ, ಹೇಳುತ್ತಾರೆ. ಸುಮ್ನೆ ಗೇಟಿಗೆ ಬಂದು ಬಿದ್ದದ್ದನ್ನು ಹೆಚ್ಚಿನವರು ಬಿಚ್ಚಿಯೂ ನೋಡುವುದಿಲ್ಲ. ಅಚ್ಚು ಬಿಟ್ಟು ಫೋನಿನಲ್ಲೇ ಕಳಿಸಿ ಅಂತ ಇಲ್ಲಿ ಕೆಲವರು ಹೇಳಬಹುದು. ಕಾಗದದ ಖರ್ಚು ಉಳಿಯುತ್ತದೆ, ಸರಿ. ಆದರೆ ಮನೆ ಬಾಗಿಲಿಗೆ ಹೋಗಿ ಮಾತಾಡುವವರು ಇಲ್ಲದಿದ್ದರೆ ಅದರಲ್ಲಿ ಕಳಿಸುವುದಾದರೂ ಏನನ್ನು, ಅಲ್ವಾ?

ದುಡ್ಡು ಸಾಲದಿದ್ದರೆ ಚಂದಾ ದರ ಸ್ವಲ್ಪ ಏರಿಸಿ. ಆರು ಪುಟದ ಸುದ್ದಿ ಇಲ್ಲದಿದ್ದರೆ ನಾಲ್ಕೇ ಪುಟ ತನ್ನಿ. ಒಬ್ಬ ಜಾಹೀರಾತುದಾರ ಐದನೇ ಒಂದು ಪಾಲಿಗಿಂತ ಜಾಸ್ತಿ ಕೊಡಲು ಬಂದರೆ ಬೇಡ ಅನ್ನಿ, ಕಷ್ಟವಾದರೂ ಅನ್ನಿ. ಈ ವಾರ ಮಾತ್ರ ಬೇರೆ ಏನೂ ಮಾಡಬೇಡಿ. ನಿಮ್ಮ 400ರಲ್ಲಿ ಈ ಸಲ ಚಂದಾ ಕಟ್ಟದೇ ಇರುವವರ ಪಟ್ಟಿ ತೆಗೆದು, ರಸೀದಿ ಪುಸ್ತಕ ಹಿಡಿದುಕೊಂಡು ನೀವೇ ಅವರ ಮನೆಗಳಿಗೆ ಹೋಗಿ. ಪೆನ್ಸಿಲ್ ಮರೆಯಬೇಡಿ.