ನಿಮ್ಮ ಲೇಖನವನ್ನು ಹಿಂದಿರುಗಿಸುತ್ತಿರುವುದೇಕೆ

ನಮಸ್ಕಾರ. ರೀಪರ್ಫ್ಯೂಷನ್ ಹಾನಿಯ (ಮುಚ್ಚಿದ ಹೃದಯನಾಳ ತೆರೆದು ರಕ್ತ ಮರಳಿದಾಗ ಹೃದಯಸ್ನಾಯುವಿಗೆ ಆಗುವ ಹಾನಿ) ಬಗ್ಗೆ ನೀವು ಕಳಿಸಿದ ‘ಬ್ಲಾಕ್ ತೆಗೆದರೆ ಹೃದಯಕ್ಕೇ ಕುತ್ತು’ ಲೇಖನವನ್ನು ಈಗಿರುವಂತೆ ಪ್ರಕಟಿಸಲಾಗದು. ಮೊದಲ ತಕರಾರು ಶೀರ್ಷಿಕೆಯದೇ. ಎದೆನೋವು ಬಂದವರೊಬ್ಬರು ಇದನ್ನು ಓದಿ ಆಸ್ಪತ್ರೆಗೆ ಹೋಗಲು ಅನುಮಾನಿಸಿದರೆ? ನಾಳ ಮುಚ್ಚಿಯೇ ಇದ್ದರೆ ಸ್ನಾಯು ಒಳಪದರದಿಂದ ಹೊರಪದರದತ್ತ ಗಂಟೆಗಳಲ್ಲಿ ಸಾಯುತ್ತಾ ಹೋಗುತ್ತದೆ. ತೆರೆದಾಗ ಉಳಿಯುವುದೇ ಹೆಚ್ಚು, ಕಳೆದುಹೋಗುವುದು ಅದರಲ್ಲೊಂದು ಪಾಲು. ಈ ಮಾತು ನಿಮ್ಮಲ್ಲಿ ಕೊನೆಯ ಪ್ಯಾರಾದಲ್ಲಿ ಅಡಗಿ ಕೂತಿದೆ.

‘ಆಮ್ಲಜನಕವೇ ವಿಷವಾಗುತ್ತದೆ’ ಎಂದು ಬರೆದು ಮುಂದೆ ಓಡಿದ್ದೀರಿ. ನಿಲ್ಲಬೇಕಾದದ್ದು ಅಲ್ಲೇ. ರಕ್ತ ನಿಂತಾಗ ಜೀವಕೋಶದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಸ್ವಾರಸ್ಯವೆಂದರೆ, ಆ ಹುಳಿಯೇ ಕಾವಲುಗಾರ: ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 7ಕ್ಕಿಂತ ಕೆಳಗಿರುವಷ್ಟು ಹೊತ್ತು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಒಳಪೊರೆಯ ರಂಧ್ರಗಳು ತೆರೆಯುವುದಿಲ್ಲ. ರಕ್ತ ಮರಳಿದೊಡನೆ ಹೊರಗಿನ ಆಮ್ಲ ತೊಳೆದುಹೋಗುತ್ತದೆ. ಕೋಶ ತನ್ನೊಳಗಿನ ಹೈಡ್ರೋಜನ್ ಅಯಾನುಗಳನ್ನು ಹೊರಹಾಕಲು ಸೋಡಿಯಂ ಒಳಗೆಳೆದುಕೊಳ್ಳುತ್ತದೆ, ಆ ಸೋಡಿಯಂ ಹೊರಹೋಗಲು ಕ್ಯಾಲ್ಸಿಯಂ ಒಳಬರುತ್ತದೆ. ರಕ್ತ ನಿಂತಾಗ ಶೇಖರವಾಗಿದ್ದ ಸಕ್ಸಿನೇಟ್ ಎಂಬ ರಾಸಾಯನಿಕ ಮರಳಿದ ಆಮ್ಲಜನಕದಿಂದ ಒಮ್ಮೆಲೇ ಉರಿದು, ಕೋಶವನ್ನು ಕೆಡಿಸುವ ಫ್ರೀ ರ್‍ಯಾಡಿಕಲ್‌ಗಳು ಚಿಮ್ಮುತ್ತವೆ. ಅಷ್ಟರಲ್ಲಿ ಪಿಎಚ್ ಸರಿಹೋಗಿರುತ್ತದೆ, ಕಾವಲು ತಪ್ಪಿರುತ್ತದೆ. ರಂಧ್ರ ತೆರೆದು ಕೋಶದ ಇಂಧನವಾದ ಎಟಿಪಿಯ ತಯಾರಿಕೆ ಕುಸಿಯುತ್ತದೆ, ಸ್ನಾಯುತಂತು ಸೆಟೆದುಕೊಂಡು ಪೊರೆ ಹರಿಯುತ್ತದೆ. ಇಷ್ಟೂ ಮೊದಲ ಕೆಲವು ನಿಮಿಷಗಳ ಕಥೆ.

‘ಮಂಕಾದ ಸ್ನಾಯು’ವನ್ನೂ ಸತ್ತ ಸ್ನಾಯುವನ್ನೂ ಒಂದೇ ಎಂದಿದ್ದೀರಿ. ಮಂಕಾದದ್ದು ಬದುಕಿಯೇ ಇರುತ್ತದೆ, ಸದ್ಯಕ್ಕೆ ಸರಿಯಾಗಿ ಮಿಡಿಯುವುದಿಲ್ಲ ಅಷ್ಟೆ; ಅದು ದಿನಗಳಲ್ಲೋ ವಾರಗಳಲ್ಲೋ ಚೇತರಿಸಿಕೊಳ್ಳುತ್ತದೆ. ದೊಡ್ಡ ನಾಳ ತೆರೆದರೂ ಕೂದಲೆಳೆಯಂಥ ಲೋಮನಾಳಗಳು ಊತದಿಂದ, ಹೆಪ್ಪಿನ ಚೂರುಗಳಿಂದ ಕಟ್ಟಿಕೊಂಡಿರುವುದು ಬೇರೆಯೇ ತೊಂದರೆ. ಅದನ್ನು ನೀವು ಹೆಸರಿಸಿಯೇ ಇಲ್ಲ.

ಪರಿಹಾರದ ಭಾಗ ತೀರಾ ದುರ್ಬಲ. ಆ್ಯಂಟಿಆಕ್ಸಿಡೆಂಟ್ ಮಾತ್ರೆಯ ಸಲಹೆಗೆ ಆಧಾರವಿಲ್ಲ, ತೆಗೆಯಿರಿ. 1986ರ ನಾಯಿಗಳ ಪ್ರಯೋಗವನ್ನು ಚೆನ್ನಾಗಿ ಬರೆದಿದ್ದೀರಿ: ಐದೈದು ನಿಮಿಷ ನಾಲ್ಕು ಸಲ ರಕ್ತ ತಡೆದು ಬಿಟ್ಟು, ಆಮೇಲೆ 40 ನಿಮಿಷ ತಡೆದರೆ ಹಾನಿ ಬಹಳ ಕಡಿಮೆ. ಆದರೆ ಹೃದಯಾಘಾತ ಮುಂಚಿತವಾಗಿ ಹೇಳಿ ಬರುವುದಿಲ್ಲವಲ್ಲ! ಮೈಟೊಕಾಂಡ್ರಿಯದ ಆ ರಂಧ್ರ ತೆರೆಯದಂತೆ ತಡೆಯುವ ಸೈಕ್ಲೋಸ್ಪೊರಿನ್ ಔಷಧಿಯ ಕುರಿತು 2008ರ 58 ರೋಗಿಗಳ ಯಶಸ್ಸನ್ನಷ್ಟೇ ಉದಾಹರಿಸಿದ್ದೀರಿ. 2015ರಲ್ಲಿ 970 ರೋಗಿಗಳ ಮೇಲೆ ನೋಡಿದಾಗ ಅದೇ ಔಷಧಿ ಪ್ರಯೋಜನ ತೋರಲಿಲ್ಲ. ಹೃದಯದ ಬದಲು ತೋಳಿನಲ್ಲೇ ರಕ್ತ ತಡೆದು ಬಿಡಲು ಬಿಪಿ ಪಟ್ಟಿ ಬಿಗಿದು ಸಡಿಲಿಸುವ ಉಪಾಯವೂ 2019ರಲ್ಲಿ 5,000ಕ್ಕೂ ಹೆಚ್ಚು ಜನರಲ್ಲಿ ಸೋತಿತು. ಈ ಸೋಲುಗಳಿಲ್ಲದೆ ಲೇಖನ ಜಾಹೀರಾತಾಗುತ್ತದೆ.

‘ಇಬ್ಬಾಯಿ ಖಡ್ಗ’ ಮೂರು ಕಡೆ ಬಂದಿದೆ. ಮೂರೂ ಬೇಡ. ಆ ಜಾಗವನ್ನು ಪಿಎಚ್‌ಗೆ ಕೊಟ್ಟು, ಬೇರೆ ಶೀರ್ಷಿಕೆಯೊಂದಿಗೆ ಮತ್ತೆ ಕಳಿಸಿ.