ಟೂಲ್ ಬದಲಿಸುವ ಮೊದಲು ಹೆಕ್ಸ್ ನೋಡಿ

ನಿಮ್ಮ ಬದಿಯಡ್ಕದ ಶಾಲೆಯ ಲೈಬ್ರರಿ ಪಟ್ಟಿಯಲ್ಲಿ ಕನ್ನಡ, ಮಲಯಾಳ ಹೆಸರುಗಳೆಲ್ಲ ???? ಆಗಿವೆ, ಡೇಟಾಬೇಸ್ ನೋಡುವ ಟೂಲ್ ಬದಲಿಸಲೇ ಎಂದು ಕೇಳಿದ್ದೀರಿ. ಇದಕ್ಕೆ ಬಹುಶಃ ಟೂಲ್ ಕಾರಣವಲ್ಲ, ಕ್ಯಾರೆಕ್ಟರ್ ಸೆಟ್, ಅಂದರೆ ಯಾವ ಅಕ್ಷರಕ್ಕೆ ಯಾವ ಕೋಡ್ ಎಂಬ ಪಟ್ಟಿ. ಲ್ಯಾಟಿನ್1 ಎಂಬ ಸೆಟ್‌ನಲ್ಲಿ ನಮ್ಮ ಅಕ್ಷರಗಳಿಗೆ ಜಾಗವೇ ಇಲ್ಲ. ಮೈಎಸ್‌ಕ್ಯುಎಲ್ (ನಿಮ್ಮ ಪಟ್ಟಿ ಇರುವ ಡೇಟಾಬೇಸ್) ಅಲ್ಲಿ ಸುಮ್ನೆ ಪ್ರಶ್ನೆ ಚಿಹ್ನೆ ಹಾಕಿಬಿಡಬಹುದು.

ಮೊದಲು ಈಗಿರುವ ಟೂಲ್‌ನಲ್ಲೇ ಸೆಲೆಕ್ಟ್ ಕ್ವೆರಿ ಬರೆದು, ಹೆಸರಿನ ಕಾಲಂ ಅನ್ನು ಹೆಕ್ಸ್ ಫಂಕ್ಷನ್ ಒಳಗೆ ಹಾಕಿ ಓಡಿಸಿ. ಒಳಗೆ ನಿಜಕ್ಕೂ ಯಾವ ಕೋಡ್ ಉಳಿದಿದೆ ಎಂದು ಅದು ತೋರಿಸುತ್ತದೆ. ಕನ್ನಡ ಅಕ್ಷರ ಇ0ಬಿ2 ಅಥವಾ ಇ0ಬಿ3 ಎಂದು ಶುರುವಾಗಬೇಕು, ಮಲಯಾಳ ಇ0ಬಿ4 ಅಥವಾ ಇ0ಬಿ5. ಹಾಗಿದ್ದರೆ ಡೇಟಾ ಕ್ಷೇಮ, ಟೂಲ್ ಮತ್ತು ಡೇಟಾಬೇಸ್ ನಡುವಿನ ಕನೆಕ್ಷನ್‌ನ ಕ್ಯಾರೆಕ್ಟರ್ ಸೆಟ್ ಮಾತ್ರ ಕೆಟ್ಟಿದೆ. ಬರೀ 3ಎಫ್3ಎಫ್3ಎಫ್ (3ಎಫ್ ಎಂದರೆ ಪ್ರಶ್ನೆ ಚಿಹ್ನೆಯ ಕೋಡ್) ಬಂದರೆ ಹೆಸರುಗಳು ಹೋದವು ಅಂತಲೇ ಲೆಕ್ಕ. ಯಾವ ಟೂಲ್ ಹಾಕಿದರೂ ಮರಳಿ ಬಾರವು. ಆಗ ಬ್ಯಾಕಪ್ ತೆಗೆದು, ಟೇಬಲ್ ಅನ್ನು ನಮ್ಮ ಅಕ್ಷರಗಳಿಗೂ ಜಾಗವಿರುವ ಯುಟಿಎಫ್8ಎಂಬಿ4 ಸೆಟ್‌ಗೆ ಬದಲಿಸಿ. ಆಮೇಲೆ ಮೂಲ ಎಕ್ಸೆಲ್ ಫೈಲನ್ನು ಯುಟಿಎಫ್-8 ಸಿಎಸ್‌ವಿ (ಸಾದಾ ಪಠ್ಯದ ಪಟ್ಟಿ) ಆಗಿ ಸೇವ್ ಮಾಡಿ ಮತ್ತೆ ಇಂಪೋರ್ಟ್ ಮಾಡಿ. ಇಂಪೋರ್ಟ್ ಕಿಟಕಿಯಲ್ಲೂ ಎನ್‌ಕೋಡಿಂಗ್ ಯುಟಿಎಫ್-8 ಇದೆಯಾ ನೋಡಿ.

ಇನ್ನು ಯಾವ ಟೂಲ್, ಹೈಡಿಎಸ್‌ಕ್ಯುಎಲ್ಲಾ, ಡಿಬೀವರಾ ಎಂದೂ ಕೇಳಿದ್ದೀರಿ. ಶಾಲೆಯ ಲ್ಯಾಪ್‌ಟಾಪ್ ಉಬುಂಟು, ಮನೆಯದು ವಿಂಡೋಸ್ ಅಲ್ವಾ? ಹಾಗಾದರೆ ಡಿಬೀವರ್ ಕಮ್ಯುನಿಟಿ ಹಾಕಿ. ಉಚಿತ, ಎರಡೂ ಕಡೆ ಒಂದೇ ರೀತಿ ಕಾಣುತ್ತದೆ, ಮುಂದೆ ಪೋಸ್ಟ್‌ಗ್ರೆಸ್ ಎಂಬ ಬೇರೆ ಡೇಟಾಬೇಸ್‌ಗೆ ಹೋದರೂ ಸಾಕು. ಜಾವಾ ಭಾಷೆಯಲ್ಲಿ ಬರೆದದ್ದು, ಹಳೆ ಮಷಿನ್‌ನಲ್ಲಿ ಸ್ವಲ್ಪ ಭಾರ. ವಿಂಡೋಸ್ ಒಂದರಲ್ಲೇ ಕೆಲಸ ಆಗಿದ್ದರೆ ನಾನು ಹೈಡಿಯನ್ನೇ ಹೇಳುತ್ತಿದ್ದೆ.

ಡಿಬೀವರ್‌ನಲ್ಲಿ ಮೈಎಸ್‌ಕ್ಯುಎಲ್ 8ಕ್ಕೆ ಸೇರುವಾಗ 'ಪಬ್ಲಿಕ್ ಕೀ ರಿಟ್ರೀವಲ್' ಎಂದು ತಕರಾರು ಬರಬಹುದು. ಡ್ರೈವರ್ ಪ್ರಾಪರ್ಟೀಸ್‌ನಲ್ಲಿ allowPublicKeyRetrieval ಎಂಬ ಸಾಲನ್ನು ಟ್ರೂ ಮಾಡಿದರೆ ಕನೆಕ್ಟ್ ಆಗುತ್ತದೆ.