ಕುಂಚ ಸಾಕು, ನೀರಿನ ಮಾದರಿ ಹಿಡಿಯಿರಿ

ಓದುಗರ ಪತ್ರದ ಸಾರ: ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳ ತಂಡವೊಂದು ಬಾಗೇಪಲ್ಲಿ ತಾಲ್ಲೂಕಿನ ಹಳ್ಳಿ ಶಾಲೆಯೊಂದಕ್ಕೆ ಬಣ್ಣ ಬಳಿದು, ಸಸಿ ನೆಟ್ಟು ಬಂದಿದೆ. ಮತ್ತೆ ಹೋದಾಗ ಸಸಿಗಳು ಒಣಗಿದ್ದವು, ಊರಿನವರು ಸರಿಯಾಗಿ ಮಾತನಾಡಿಸಲಿಲ್ಲ. "ಜನರಿಗೇ ಬೇಡವಾದ ಸೇವೆ ನಮಗೇಕೆ?" ಎಂದು ತಂಡದ ಸದಸ್ಯರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ:

ಸಸಿ ನೆಟ್ಟವರು ಸಂಜೆಯ ಬಸ್ಸು ಹತ್ತಿದರೆ ಅದಕ್ಕೆ ನೀರು ಹೊಯ್ಯುವವರು ಯಾರು? ಬೇಸಿಗೆಯಲ್ಲಿ ಆ ಕಡೆ ಮನೆಬಳಕೆಗೇ ನೀರು ಸಾಲುವುದಿಲ್ಲ. ಊರಿನವರ ಮೌನವನ್ನು ಕೃತಘ್ನತೆ ಎಂದುಕೊಳ್ಳಬೇಡಿ. ಬ್ಯಾನರ್ ಕಟ್ಟಿ, ಫೋಟೊ ತೆಗೆಸಿಕೊಂಡು ಹೋದವರನ್ನು ಹಳ್ಳಿಗಳು ಸಾಕಷ್ಟು ಕಂಡಿವೆ. ನೀವು ಅವರಂತಲ್ಲ ಎಂಬುದು ಊರಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇ.

ನನ್ನ ತಕರಾರು ಬೇರೆ. ರಸಾಯನಶಾಸ್ತ್ರ ಓದಿದ ಒಂದಿಡೀ ತಂಡ ಬಾಗೇಪಲ್ಲಿಗೆ ಹೋಗಿ ಕುಂಚ ಹಿಡಿದು ಬಂದಿತೇ! ಮಕ್ಕಳು ನಕ್ಕಾಗ ಅವರ ಹಲ್ಲು ಗಮನಿಸಿದಿರಾ? ಆ ಸೀಮೆಯಲ್ಲಿ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಸುಣ್ಣ ಸಿಡಿದಂಥ ಬಿಳಿ ಮಚ್ಚೆ, ಕಂದು ಗೆರೆ ಕಾಣುತ್ತವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಾದರೆ ಹೀಗಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕೆರೆಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಂತೆ ಗ್ರಾನೈಟ್ ಶಿಲೆಯಿಂದ ಕರಗಿದ ಫ್ಲೋರೈಡ್ ನೀರಿನೊಡನೆ ಮೇಲೆ ಬರುತ್ತಿದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ, ಅದಕ್ಕಿಂತ ಹೆಚ್ಚು ಸಲ್ಲದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಾಢವಾಗುತ್ತದೆ. ನಿಮಗೆ ಇದು ಪದವಿಯ ಮೊದಲ ವರ್ಷದ ಪಾಠ. ನೀರು ಕುದಿಸಿ ಕೊಟ್ಟು ಸಮಾಧಾನಪಟ್ಟುಕೊಳ್ಳುವ ತಾಯಿಗೆ ಅದನ್ನು ಯಾರು ಹೇಳಬೇಕು?

ಊರಿನಲ್ಲಿ ಶುದ್ಧ ನೀರಿನ ಘಟಕವಿದ್ದರೆ ಅಲ್ಲಿಂದಲೇ ಶುರು ಮಾಡಿ. ಜನ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಂಡು ನಿಶ್ಚಿಂತರಾಗಿರುತ್ತಾರೆ. ಒಳಗಿನ ಸೋಸುವ ಪೊರೆ ಹಾಳಾಗಿದ್ದರೂ ನೀರು ತಿಳಿಯಾಗಿಯೇ ಕಾಣುತ್ತದೆ. ಘಟಕಕ್ಕೆ ಹೋಗುವ ನೀರು, ಅಲ್ಲಿಂದ ಬರುವ ನೀರು ಎರಡನ್ನೂ ಪರೀಕ್ಷಿಸಿ. ಮುಂಗಾರಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಪ್ರತಿ ವರ್ಷವೂ. ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ ಜಲಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ 5 ಮಹಿಳೆಯರಿಗೆ ನೀರಿನ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ಕಿಟ್ ಯಾವ ಬೀರುವಿನಲ್ಲಿದೆ, ತರಬೇತಿ ಯಾರಿಗೆ ಆಗಿದೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿ. ಪರೀಕ್ಷೆ ಆ ಹೆಂಗಸರ ಕೈಯಿಂದಲೇ ಆಗಲಿ, ನೀವು ಪಕ್ಕದಲ್ಲಿರಿ. ಕಿಟ್ಟಿನ ಬಣ್ಣ ಅಂದಾಜು ಮಾತ್ರ ಹೇಳುತ್ತದೆ. ಅನುಮಾನ ಬಂದ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ಯಿರಿ. (ಗಾಜಿನ ಸೀಸೆ ಬೇಡ, ಪ್ಲಾಸ್ಟಿಕ್ ಬಾಟಲಿ. ಫ್ಲೋರೈಡ್ ಗಾಜಿನೊಡನೆ ವರ್ತಿಸಬಹುದೆಂಬುದು ನಿಮಗೆ ಗೊತ್ತು.)

ಫಲಿತಾಂಶ ಊರಿಗೆ ವಾಪಸು ಬರಲೇಬೇಕು. ಇದರಲ್ಲಿ ಮಾತ್ರ ರಿಯಾಯಿತಿ ಇಲ್ಲ. ಮಾದರಿ ಒಯ್ದವರು ಪ್ರಾಜೆಕ್ಟ್ ವರದಿ ಬರೆದು ಅಂಕ ಪಡೆದು, ನೀರು ಕೊಟ್ಟವರಿಗೆ ಒಂದು ಮಾತನ್ನೂ ತಿಳಿಸದಿರುವುದು ಹೊಸತೇನಲ್ಲ. ಪಂಚಾಯಿತಿ ಫಲಕದ ಮೇಲೆ ಕನ್ನಡದಲ್ಲಿ ಬರೆಯಿರಿ. ಅನೇಕ ಮನೆಗಳ ಮಾತು ತೆಲುಗು, ಬಾಯಿಮಾತಿನಲ್ಲಿ ಅದರಲ್ಲೂ ಹೇಳಿ. ಕೆಟ್ಟ ಸುದ್ದಿ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ: ಯಾವ ಕೊಳವೆಬಾವಿ ಕುಡಿಯಲು, ಯಾವುದು ಬಟ್ಟೆ ಒಗೆಯಲು ಎಂಬ ಪಟ್ಟಿಯನ್ನೂ ಕೊಡಿ.

ನಿಮ್ಮ ಹಳೆಯ ವಿದ್ಯಾರ್ಥಿ ಸಂಘದ ವಿಷಯ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ಇಂಥ ಸಂಘಗಳಿಗೂ ಲೆಕ್ಕವಿರುವುದರಿಂದ, ಮೌಲ್ಯಮಾಪನದ ವರ್ಷ ಎಲ್ಲೆಡೆ ಅವಕ್ಕೆ ಇದ್ದಕ್ಕಿದ್ದಂತೆ ಜೀವ ಬರುತ್ತದೆ. ಬರಲಿ. ಆ ವರ್ಷ ಸನ್ಮಾನದ ಶಾಲು ಬೇಡವೆಂದು ಹೇಳಿ, ವಿಭಾಗದ ಪ್ರಯೋಗಾಲಯವನ್ನು ನೀರಿನ ಪರೀಕ್ಷೆಗೆ ಬಿಟ್ಟುಕೊಡುವಂತೆ ಕೇಳಿ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಓದಲು ಹೋದ ಹುಡುಗ. ಭೌತಶಾಸ್ತ್ರದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬೆಳೆದ ಅವರು ಗೌರಿಬಿದನೂರು, ಬಾಗೇಪಲ್ಲಿಗಳಿಗೆ ನ್ಯಾಷನಲ್ ಕಾಲೇಜನ್ನೇ ಕರೆತಂದರು. ನಿಮ್ಮಿಂದ ಕಾಲೇಜು ಕಟ್ಟಿಸುವ ಆಸೆ ನನಗಿಲ್ಲ. ಕಲಿತ ವಿದ್ಯೆಯನ್ನೇ ಊರಿಗೆ ಒಯ್ದವರು ನಿಮ್ಮ ನೆರೆಯಲ್ಲೇ ಇದ್ದರು ಎಂದು ನೆನಪಿಸಿದೆ.

ಮೊದಲು ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ, ಬಿಸಿಯೂಟದ ಅಡುಗೆಗೆ ಯಾವ ಕೊಳವೆಬಾವಿಯ ನೀರು ಎಂದು ವಿಚಾರಿಸಿ. ಭಾನುವಾರ ಹೋಗಬೇಡಿ, ಅಂದು ಶಾಲೆಗೂ ರಜೆ, ಪಂಚಾಯಿತಿ ಕಚೇರಿಗೂ ಬೀಗ. ಒಂದು ದಿನ ರಜೆ ಹಾಕಿ ವಾರದ ನಡುವೆ ಹೋಗಿ.